ಒಂದೇ ಸಲ ಕೇಳುವ ವಿದ್ಯೆ

ಬಟಾಟೆ ಕರಿಯುವುದನ್ನು ಕಲಿಸಲಿಕ್ಕೆ ನನಗೆ ತಿಂಗಳ ಸಂಬಳ ಕೊಡುತ್ತಾರೆ ಎಂದಾಗ ನನ್ನ ಹೆತ್ತ ಆಯಿಯೇ ಅರ್ಧ ದಿನ ನಂಬಲಿಲ್ಲ. ಕುಮಟೆಯ ನಮ್ಮ ಮನೆಯ ಹಿತ್ತಿಲಲ್ಲಿ ಬಂಗಡೆ ಮೀನು ತೊಳೆಯುತ್ತಿದ್ದವಳು ಕೈ ನಿಲ್ಲಿಸಿ, ಯಾರಿಗೆ ಕಲಿಸುವುದು ಎಂದು ಕೇಳಿದಳು. ಹೊನ್ನಾವರದಲ್ಲಿ ಹೊಸದಾಗಿ ಶುರುವಾಗುವ ಫಾಸ್ಟ್ ಫುಡ್ ಅಂಗಡಿಯ ಕೆಲಸದವರಿಗೆ ಎಂದೆ. ಅವರಿಗೆ ಎಷ್ಟು ವಯಸ್ಸು ಎಂದಳು. ನಾಲ್ವರಲ್ಲಿ ಇಬ್ಬರು ನನಗಿಂತ ತುಂಬಾ ದೊಡ್ಡವರು ಎಂದೆ. “ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲ್ಸಿದ ಹಂಗೆ” ಎಂದು ಹೇಳಿ ಮತ್ತೆ ಬಂಗಡೆಗೆ ಕೈ ಹಾಕಿದಳು. ನನಗೆ ಸಿಟ್ಟು ಬಂತು. ಸಿಟ್ಟು ಬರಲಿಕ್ಕೆ ನನಗೆ ಆಗ ಹೆಚ್ಚು ಕಾರಣ ಬೇಕಾಗುತ್ತಿರಲಿಲ್ಲ.

ಇದು ಎರಡು ಸಾವಿರದ ಮೂರು–ನಾಲ್ಕರ ಹೊತ್ತಿನ ಮಾತು. ಆಗ ನಮ್ಮ ಕಡೆ ಫಾಸ್ಟ್ ಫುಡ್ ಎಂದರೆ ಸಂಜೆ ಬಸ್ ಸ್ಟ್ಯಾಂಡಿನ ಹೊರಗೆ ನಿಲ್ಲುವ ಗೋಬಿ ಮಂಚೂರಿಯ ಗಾಡಿ. ಗಾಡಿಯ ಮೇಲೆ ಹಾಗೆಂದು ಕೆಂಪಕ್ಷರದಲ್ಲಿ ಬರೆದಿರುತ್ತಿತ್ತೇ ಹೊರತು, ಗಾಡಿಯವನು ಪರಿಚಯದವರ ಹತ್ತಿರ ಊರ ಸುದ್ದಿಯೆಲ್ಲ ಮುಗಿಸಿ ನಮ್ಮ ಪ್ಲೇಟು ಕೊಡುವಷ್ಟರಲ್ಲಿ ನಾವು ಹತ್ತಬೇಕಾದ ಬಸ್ಸು ಹೋಗಿಬಿಟ್ಟಿರುತ್ತಿತ್ತು. ನಮ್ಮ ಅಂಗಡಿಯ ಯಜಮಾನರು ಮಾಡಹೊರಟಿದ್ದು ಬೇರೆಯೇ ಒಂದು. ಅವರು ಭಟ್ಕಳದ ಹತ್ತಿರ ಹೆಬಳೆಯವರು. ಗಲ್ಫಿನ ಒಂದು ಬರ್ಗರ್ ಅಂಗಡಿಯಲ್ಲಿ ನೆಲ ಒರೆಸುವುದರಿಂದ ಶುರುಮಾಡಿ ಹನ್ನೆರಡು ವರ್ಷಕ್ಕೆ ಸೂಪರ್‌ವೈಸರ್ ಆದವರು. ಊರಿಗೆ ಮರಳುವಾಗ ಉಳಿದವರು ಸೆಂಟು, ಕಂಬಳಿ, ಟೇಪ್ ರೆಕಾರ್ಡರು ತಂದರೆ ಇವರು ಕೆಲಸದ ನಿಯಮಗಳನ್ನೆಲ್ಲ ಇಂಗ್ಲಿಷಿನಲ್ಲಿ ಬರೆದಿಟ್ಟುಕೊಂಡ ಒಂದು ನೀಲಿ ಫೈಲು ತಂದರು. ಅದರಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಎಂಬುದು ಅವರ ನಂಬಿಕೆ.

ಆ ಫೈಲನ್ನು ಕನ್ನಡಕ್ಕೆ ಇಳಿಸಿ ನಾಲ್ವರಿಗೆ ಕಲಿಸುವುದು ನನ್ನ ಕೆಲಸ. ನಾನು ಮಂಗಳೂರಿಗೆ ಹೋಗಿ ಆರು ತಿಂಗಳು ಕೇಟರಿಂಗ್ ಕೋರ್ಸು ಮಾಡಿಕೊಂಡು, ಸರ್ಟಿಫಿಕೇಟಿಗೆ ಲ್ಯಾಮಿನೇಶನ್ ಮಾಡಿಸಿ, ಎರಡು ವರ್ಷ ಅದನ್ನು ಕಪಾಟಿನಲ್ಲಿ ಇಟ್ಟುಕೊಂಡು ಕೂತಿದ್ದವಳು. ಯಜಮಾನರು ಮೊದಲ ದಿನವೇ ಲೆಕ್ಕಾಚಾರ ತಿಳಿಸಿದರು. ಮೊದಲು ಹೊನ್ನಾವರ, ಅಲ್ಲಿ ಕಲಿತವರು ಪಾಸಾದರೆ ಭಟ್ಕಳ, ಆಮೇಲೆ ಕುಮಟೆ. ಮೂರೂ ಕಡೆಗೆ ನಾನೇ ಟ್ರೇನರ್. ಮೂರು ತಿಂಗಳು ತರಬೇತಿ, ಕೊನೆಗೆ ಅವರೇ ಖುದ್ದು ಕೂತು ಮಾಡುವ ಪರೀಕ್ಷೆ. ಪಾಸಾದವರಿಗೆ ಖಾಯಂ ಕೆಲಸ, ಫೇಲಾದವರು ಮನೆಗೆ. ಫಾರ್ಮಿನ ಕೆಳಗೆ ಟ್ರೇನರ್ ಸಹಿ ಮಾಡಬೇಕು ಎಂಬ ಮಾತು ಕೇಳಿ ನಾನು ಆ ರಾತ್ರಿಯೇ ನನ್ನ ಸಹಿಯನ್ನು ಸ್ವಲ್ಪ ಉದ್ದ ಮಾಡಿಕೊಂಡೆ.

ನಾಲ್ವರಲ್ಲಿ ಇಬ್ಬರು ಪಿಯುಸಿ ಮುಗಿಸಿದ ಹುಡುಗಿಯರು. ಅವರು ನಾನು ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು, ಬರೆದುಕೊಂಡ ಹಾಗೆ ಮಾಡುತ್ತಿದ್ದರು, ತಪ್ಪೆಂಬುದನ್ನೇ ಮಾಡುತ್ತಿರಲಿಲ್ಲ. ಆದ್ದರಿಂದ ಅವರ ಬಗ್ಗೆ ಹೇಳಲಿಕ್ಕೆ ಏನೂ ಇಲ್ಲ. ಮೂರನೆಯವರು ಕುಮಟೆಯ ಹೋಟೆಲೊಂದರಲ್ಲಿ ಮೂವತ್ತು ವರ್ಷ ದೋಸೆ ಎರೆದು ಬಂದವರು. ಎಣ್ಣೆ ಕಾದದ್ದನ್ನು ಅವರು ಕಿವಿಯಿಂದ ಹೇಳುತ್ತಿದ್ದರು. ನಾನು ಅವರಿಗೆ ಟೈಮರ್ ಕೊಟ್ಟೆ. ಅವರು ಬಟಾಟೆಯ ಜಾಲರಿಯನ್ನು ತಮ್ಮ ಕಿವಿ ಹೇಳಿದಾಗ ಎಣ್ಣೆಯಿಂದ ಎತ್ತಿ, ಕೈಯಲ್ಲೇ ಹಿಡಿದುಕೊಂಡು, ಟೈಮರ್ ಕೂಗುವವರೆಗೆ ಮರ್ಯಾದೆಯಿಂದ ಕಾದು, ಆಮೇಲೆ ತಟ್ಟೆಗೆ ಸುರಿಯುತ್ತಿದ್ದರು. ಟೈಮರಿಗೂ ಬೇಜಾರಿಲ್ಲ, ಬಟಾಟೆಗೂ ಬೇಜಾರಿಲ್ಲ. ಯಜಮಾನರಿಗೆ ಇದು ಕೊನೆಯವರೆಗೂ ಗೊತ್ತಾಗಲಿಲ್ಲ, ನಾನೂ ಹೇಳಲಿಲ್ಲ.

ನಾಲ್ಕನೆಯವಳು ಮಂಕಿಯಿಂದ ಬರುವ ಹೆಂಗಸು. ನಲವತ್ತೆರಡರ ಆಸುಪಾಸು. ಎಲ್ಲರೂ ಮಂಕಿಯಕ್ಕ ಎನ್ನುತ್ತಿದ್ದೆವು. ಅವಳು ಮಾತ್ರ ನನ್ನನ್ನು, ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಕರೆಯುವ ಹಾಗೆ, ಅಕ್ಕೋರೆ ಎಂದು ಕರೆಯುತ್ತಿದ್ದಳು. ಅವಳ ಊರಿನಲ್ಲಿ ಮದುವೆಯೋ ಗೃಹಪ್ರವೇಶವೋ ಆದರೆ ಬಡಿಸಲಿಕ್ಕೆ ಮೊದಲು ಅವಳಿಗೇ ಹೇಳಿಕಳಿಸುತ್ತಿದ್ದರಂತೆ. ನೂರು ಎಲೆಯ ಪಂಕ್ತಿಯಲ್ಲಿ ಯಾರಿಗೆ ಎರಡನೇ ಸಲ ಪಾಯಸ ಬಂದಿಲ್ಲ ಎಂದು ಕಂಬದ ಹತ್ತಿರ ನಿಂತೇ ಹೇಳುವಳು. ಬಾಯಿಂದ ಬಂದ ಬೇಡ, ಬೇಡವೇ ಅಲ್ಲ, ಎರಡೂ ಕೈ ಎಲೆಗೆ ಅಡ್ಡ ಬಂದರೆ ಮಾತ್ರ ಬೇಡ ಎಂಬುದು ಅವಳ ಶಾಸ್ತ್ರ. ನಮ್ಮ ಕಡೆಯ ಎಲ್ಲರ ಶಾಸ್ತ್ರವೂ ಅದೇ. ಯಾರದ್ದೋ ಮನೆಗೆ ಹೋದಾಗ ಮೊದಲ ಸಲಕ್ಕೇ ಹೂಂ ಎಂದವನನ್ನು ಹೊಟ್ಟೆಬಾಕ ಎನ್ನುತ್ತಾರೆ. ಮೂರನೇ ಸಲ ಕೇಳದ ಮನೆಯವರನ್ನು ಏನೆನ್ನುತ್ತಾರೆ ಎಂದು ಬರೆಯಲಿಕ್ಕೆ ಬರುವಂತಿಲ್ಲ.

ಊರಿಗೆಲ್ಲ ಬಡಿಸಿದ ಮಂಕಿಯಕ್ಕನಿಗೆ ತನ್ನದು ಎನ್ನುವ ಒಲೆ ಇರಲಿಲ್ಲ. ಗಂಡನ ಮನೆಯಲ್ಲಿ ಆಗಲಿಲ್ಲ ಎಂದು ಬಂದು ಅಣ್ಣನ ಮನೆಯಲ್ಲಿ ಹದಿನೈದು ವರ್ಷವಾಗಿತ್ತು. ಅಲ್ಲಿ ಬೇಯಿಸುವುದು ಇವಳು, ಎಷ್ಟು ಬೇಯಿಸಬೇಕು ಎಂದು ಹೇಳುವುದು ಅತ್ತಿಗೆ. ಖಾಯಂ ಕೆಲಸವಾದರೆ ಹೊನ್ನಾವರದಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿಯಬೇಕು ಎಂದು ಅವಳು ನೋಡಿಯೂ ಇಟ್ಟಿದ್ದಳು. ಖೋಲಿಯಲ್ಲಿ ಒಂದು ಕಿಟಕಿ, ಕಿಟಕಿಯ ಕೆಳಗೆ ಒಲೆ ಇಡಲಿಕ್ಕೆ ಕಟ್ಟೆ. ಇಷ್ಟನ್ನು ನನಗೆ ಮೊದಲ ವಾರವೇ ಹೇಳಿದ್ದಳು. ಇವಳು ವಾರಕ್ಕೆ ವಾಪಸು ಬರುತ್ತಾಳೆ ಎಂದು ಅತ್ತಿಗೆ ಊರಿಡೀ ಹೇಳಿಕೊಂಡು ಬಂದಿದ್ದಳಂತೆ. ಅದನ್ನೂ ಹೇಳಿದ್ದಳು.

ಯಜಮಾನರು ಅವಳನ್ನು ಕೌಂಟರಿಗೆ ಹಾಕಿದರು. ಫೈಲಿನ ಪ್ರಕಾರ ಕೌಂಟರಿನ ಕೆಲಸಕ್ಕೆ ಏಳು ಮೆಟ್ಟಿಲು. ಮೊದಲನೆಯದು ನಗುವುದು. ಹಲ್ಲು ಕಾಣಬೇಕು ಎಂದು ಬರೆದಿತ್ತು. ಮಂಕಿಯಕ್ಕ ಗುರುತಿಲ್ಲದ ಗಂಡಸರಿಗೆ ಹಲ್ಲು ತೋರಿಸುವುದು ಹೇಗೆಂದು ಎರಡು ದಿನ ಯೋಚನೆ ಮಾಡಿ, ಕೊನೆಗೆ ಗುರುತು ಮಾಡಿಕೊಂಡು ನಗುವುದು ಎಂದು ತೀರ್ಮಾನಿಸಿದಳು. ತರಬೇತಿಯ ನಡುವೆಯೇ ಅಂಗಡಿ ತೆರೆದೆವು, ಬಂದ ಗಿರಾಕಿಗಳೂ ಅಷ್ಟೇ. ಅಂಗಡಿಯವಳು ಸುಮ್ಮನೆ ನಗುತ್ತಾಳೆ ಎಂದು ನಮ್ಮ ಕಡೆ ಯಾರಿಗೆ ಗೊತ್ತು. ನಗು ನೋಡಿದವರು, ನನ್ನ ಗುರ್ತ ಹೆಂಗೆ ಎಂದು ಕೇಳುವರು. ಇವಳು, ನಿಮ್ಮದು ಯಾವೂರಾತು ಎನ್ನುವಳು. ಅವರು ಹೊಳೆಯಾಚೆ ಕಾಸರಕೋಡು ಎಂದರೆ ಕಾಸರಕೋಡಿಗೆ ಕೊಟ್ಟ ಇವಳ ಚಿಕ್ಕಪ್ಪನ ಮಗಳ ಮನೆಯಿಂದ ಶುರುವಾಗಿ, ಬರ್ಗರಿಗೆ ಬಂದವರು ನೆಂಟರಾಗಿ ಹೋಗುವರು. ಒಬ್ಬ ಗಿರಾಕಿಗೆ ಒಂದೂವರೆ ನಿಮಿಷ ಎಂದು ಫೈಲಿನಲ್ಲಿ ಇತ್ತು. ನಾನು ಹಿಂದೆ ನಿಂತು ಕೆಮ್ಮಿ ಕೆಮ್ಮಿ ಗಂಟಲು ಕೆಡಿಸಿಕೊಂಡೆ.

ಅದನ್ನು ಹೇಗೋ ಸರಿಮಾಡಿದೆವು. ಟೋಪಿ ಹಾಕುವುದು, ಕೈಗವಸು ಹಾಕುವುದು, ಎದೆಯ ಮೇಲೆ ಹೆಸರಿನ ಪಟ್ಟಿ ಚುಚ್ಚಿಕೊಳ್ಳುವುದು ಎಲ್ಲ ಅವಳಿಗೆ ಸಲೀಸಾಗಿ ಬಂತು. ಹೆಸರಿನ ಪಟ್ಟಿಯನ್ನಂತೂ ಅವಳು ಬಸ್ಸಿನಲ್ಲಿಯೂ ತೆಗೆಯುತ್ತಿರಲಿಲ್ಲ. ಮಂಕಿಯಲ್ಲಿ ಇಳಿಯುವವರೆಗೂ ಅದು ಎದೆಯ ಮೇಲೆಯೇ ಇರುತ್ತಿತ್ತು, ಇಳಿದ ಮೇಲೂ ಇರುತ್ತಿತ್ತು ಎಂದು ನನ್ನ ಗುಮಾನಿ.

ಆದರೆ ನಾಲ್ಕನೆಯ ಮೆಟ್ಟಿಲಿನಲ್ಲಿ ನಾವು ಮುಗ್ಗರಿಸಿದೆವು. ಗಿರಾಕಿ ಕೇಳಿದ್ದರ ಜೊತೆಗೆ ಇನ್ನೊಂದನ್ನು ನಾವಾಗಿಯೇ ಸೂಚಿಸಬೇಕು ಎಂಬುದು ನಾಲ್ಕನೆಯ ಮೆಟ್ಟಿಲು. ಬರ್ಗರ್ ಕೇಳಿದವರಿಗೆ ಫಿಂಗರ್ ಚಿಪ್ಸ್ ಬೇಕಾ ಎನ್ನಬೇಕು, ಚಾ ಕೇಳಿದವರಿಗೆ ಬರ್ಗರ್ ಕೊಡಲಾ ಎನ್ನಬೇಕು. ಇದರಿಂದ ವ್ಯಾಪಾರ ಹೆಚ್ಚುತ್ತದೆ. ನಾನು ಇದನ್ನು ಕಲಿಸಿದಾಗ ಮಂಕಿಯಕ್ಕನ ಮುಖ ಅರಳಿತು. ಇಷ್ಟು ದಿನ ಟೋಪಿ, ಟೈಮರು ಎಂದು ತಲೆತಿಂದವಳು ಕೊನೆಗೂ ತನಗೆ ಗೊತ್ತಿದ್ದ ವಿದ್ಯೆಗೆ ಬಂದಳು ಎಂದು ಅವಳಿಗೆ ಅನ್ನಿಸಿರಬೇಕು. ಇದು ಕಲಿಯುವ ವಿಷಯವೇ ಅಲ್ಲ, ಇದನ್ನು ತಾನು ಹತ್ತು ವರ್ಷದವಳಿದ್ದಾಗಿನಿಂದ ಮಾಡುತ್ತಿದ್ದೇನೆ ಎಂದಳು. ಅವಳು ಎಷ್ಟು ಸಂತೋಷದಿಂದ ಹೇಳಿದಳೆಂದರೆ ನಾನು ಆ ಪುಟ ಮಗುಚಿ ಐದನೆಯ ಮೆಟ್ಟಿಲಿಗೆ ಹೋಗಿಬಿಟ್ಟೆ. ಅಲ್ಲಿ ನನ್ನ ಬುದ್ಧಿ ಕೈಕೊಟ್ಟಿತು.

ಒಂದೇ ವಾರದಲ್ಲಿ ನಮ್ಮ ಅಂಗಡಿಗೆ ಹೊನ್ನಾವರದಲ್ಲಿ ಒಳ್ಳೆಯ ಹೆಸರು ಬಂತು. ಕಾಲೇಜಿನವರು, ಕೋರ್ಟಿನವರು, ಅಪ್ಸರಕೊಂಡದ ಜಲಪಾತ ನೋಡಿ ಬಂದ ಪ್ರವಾಸಿಗಳು ಎಲ್ಲ ನುಗ್ಗಿದರು. ಮಂಕಿಯಕ್ಕನ ಮುಂದಿನ ಸಾಲು ಬಾಗಿಲು ದಾಟಿ ರಸ್ತೆಗೆ ಬರುತ್ತಿತ್ತು. ಅವಳು ಚಿಪ್ಸ್ ಹಾಕಲಾ ಎನ್ನುವಳು. ಬಂದವರು ಬೇಡ ಎನ್ನುವರು. ಸ್ವಲ್ಪ ಹಾಕ್ತೆ ಎನ್ನುವಳು. ಬೇಡ, ಈಗಷ್ಟೇ ಊಟ ಆಗಿದೆ ಎನ್ನುವರು. ಊಟ ಆದ್ರೆ ಎಂತಾತು, ಇದು ಎಲ್ಲಿ ಹೊಟ್ಟೆ ತುಂಬ್ತದೆ ಎನ್ನುವಳು. ಹಾಗಾದ್ರೆ ಒಂದ್ ಚೂರು ಎನ್ನುವರು. ಇಷ್ಟೂ ಆಗುವಾಗ ಹಿಂದೆ ನಿಂತವರು ಯಾರೂ ಗೊಣಗುತ್ತಿರಲಿಲ್ಲ. ತಮ್ಮ ಸರದಿಯಲ್ಲಿ ತಾವೂ ಮೂರು ಸಲ ಹೇಳಿಸಿಕೊಳ್ಳುವುದಿತ್ತಲ್ಲ.

ಯಜಮಾನರಿಗೆ ಖುಷಿಯೋ ಖುಷಿ. ಅದು ಬಟಾಟೆಯ ಚೀಲ ನೋಡುವವರೆಗೆ. ವಾರಕ್ಕೆಂದು ತಂದದ್ದು ಎರಡೇ ದಿನಕ್ಕೆ ತಳ ಕಂಡಿತ್ತು. ಇಲಿ ಇರಬಹುದೇ ಎಂದು ಮೊದಲು ಬೋನು ತರಿಸಿದರು. ಬೋನಿಗೆ ಏನೂ ಬೀಳಲಿಲ್ಲ. ಆಮೇಲೆ ಕೌಂಟರಿನ ಹಿಂದೆ ಕೂತು ನೋಡಿದರು. ಗಿರಾಕಿ ಹೇಳಿದ ಬರ್ಗರನ್ನು ಮಂಕಿಯಕ್ಕ ಪಕ್ಕದಲ್ಲಿದ್ದ ಪಿಯುಸಿಯ ಹುಡುಗಿಗೆ ಕೂಗಿ ಬಿಲ್ಲು ಹಾಕಿಸುತ್ತಿದ್ದಳು. ಚಿಪ್ಸಿನ ಹೆಸರೆತ್ತದೆ, ತಾನೇ ಹಿಂದೆ ತಿರುಗಿ, ಪೊಟ್ಟಣ ತುಂಬಿ, ಮೇಲಿಂದ ಇನ್ನೊಂದು ಹಿಡಿ ಹಾಕಿ ಕೊಡುತ್ತಿದ್ದಳು. ಬಿಲ್ಲಿನ ಹುಡುಗಿ ತನಗೆ ಕೂಗಿ ಹೇಳಿದ್ದಕ್ಕೆಲ್ಲ ಸರಿಯಾಗಿಯೇ ಬಿಲ್ಲು ಹಾಕಿದ್ದಳು. ಅವಳು ತಪ್ಪು ಮಾಡುವವಳಲ್ಲ ಎಂದೆನಲ್ಲ.

ನನ್ನನ್ನು ಕರೆದು ನಿಲ್ಲಿಸಿದರು. ನಾನು ಮಂಕಿಯಕ್ಕನನ್ನು ಕರೆದು ನಿಲ್ಲಿಸಿದೆ. ಹೀಗೇಕೆ ಮಾಡಿದಿರಿ ಎಂದು ಸ್ವಲ್ಪ ಏರು ದನಿಯಲ್ಲೇ ಕೇಳಿದೆ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಕದ್ದವಳ ಮುಖ ಅಲ್ಲ ಅದು.

“ಅವ್ರಾಗಿ ಕೇಳಿದ್ದಕ್ಕೆ ದುಡ್ಡು ತಕಳ್ಳಿ, ಅಡ್ಡಿಲ್ಲ” ಎಂದಳು. “ನಾವಾಗಿ ಕೇಳಿ ಹಾಕಿದ್ದಕ್ಕೆ ಹೆಂಗೆ ತಕಳ್ಳೂದು? ತಿನ್ನಿ ಅಂತ ನಾವೇ ಹೇಳೂದು, ಅವ್ರು ಬ್ಯಾಡ ಅಂದ್ರೂ ಹಾಕೂದು, ಆಮೇಲೆ ದುಡ್ ಕೊಡಿ ಅಂತಾನೂ ನಾವೇ ಹೇಳೂದಾ, ಅಕ್ಕೋರೆ?”

ಯಜಮಾನರು ಫೈಲು ತೆಗೆದು ನಾಲ್ಕನೆಯ ಮೆಟ್ಟಿಲಿನ ಕೆಳಗೆ ಸಣ್ಣಕ್ಷರದಲ್ಲಿದ್ದ ಸಾಲನ್ನು ಬೆರಳಿಟ್ಟು ತೋರಿಸಿದರು. ಒಂದೇ ಸಲ ಕೇಳಬೇಕು. ಗಿರಾಕಿ ಬೇಡ ಎಂದರೆ ಥ್ಯಾಂಕ್ಯೂ ಎಂದು ಹೇಳಿ ಮುಂದಿನವರನ್ನು ಕರೆಯಬೇಕು. ಹೂಂ ಎಂದರೆ ಬಿಲ್ಲು ಹಾಕಬೇಕು. ಪರೀಕ್ಷೆಯ ದಿನ ಇವಳು ಎರಡನೇ ಸಲ ಕೇಳಿದರೆ, ಇಲ್ಲವೇ ಒಂದೇ ಒಂದು ಚೂರು ಪುಕ್ಕಟೆ ಕೊಟ್ಟರೆ, ಫೇಲ್ ಎಂದರು. ತಮಾಷೆಗೆ ಹೇಳುವವರಲ್ಲ ಅವರು. ಮಂಕಿಯಕ್ಕ ಹೆಸರಿನ ಪಟ್ಟಿಯನ್ನು ಕೈಯಲ್ಲಿ ಮುಟ್ಟಿಕೊಂಡಳು.

ಆ ಭಾನುವಾರ ಅಂಗಡಿಯ ಯಾವುದೋ ಕಾಗದಕ್ಕೆ ಸಹಿ ಹಾಕಿಸಲಿಕ್ಕೆ ನಾನು ಹೆಬಳೆಗೆ ಯಜಮಾನರ ಮನೆಗೆ ಹೋಗಿದ್ದೆ. ಅಲ್ಲಿ ಅವರೇ ಎದ್ದು ಬಂದು, ಚಾ ಕುಡೀರಿ ಎಂದರು. ಬೇಡ ಎಂದೆ. ಅದೆಂತ ಬೇಡ, ಇಷ್ಟು ದೂರ ಬಂದು ಎಂದರು. ಈಗಷ್ಟೇ ಕುಡಿದು ಬಂದೆ ಎಂದೆ. ಕುಡಿದಿದ್ದು ಅಲ್ಲಿ, ಇಲ್ಲಿ ಇನ್ನೊಂದಾಗಲಿ ಎಂದರು. ಹಾಗಾದರೆ ಅರ್ಧ ಲೋಟ ಎಂದೆ. ತುಂಬಿದ ಲೋಟದ ಜೊತೆ ಅವಲಕ್ಕಿಯೂ ಬಂತು. ಫೈಲು ಹೊನ್ನಾವರದಲ್ಲಿ ಇತ್ತು, ಇದು ಹೆಬಳೆ.

ಉಳಿದ ಒಂದು ತಿಂಗಳು ನಾನು ಮಂಕಿಯಕ್ಕನಿಗೆ ಎರಡನೇ ಸಲ ಕೇಳದೇ ಇರುವುದನ್ನು ಕಲಿಸಿದೆ. ಕಲಿಸುವುದು ಸುಲಭ, ಮರೆಸುವುದು ಎಂಥ ಕಷ್ಟ ಎಂದು ನನಗೆ ಮಂಗಳೂರಿನಲ್ಲಿ ಯಾರೂ ಹೇಳಿರಲಿಲ್ಲ. ಮಧ್ಯಾಹ್ನ ಮೂರರ ಮೇಲೆ ಅಂಗಡಿ ಖಾಲಿಯಾದಾಗ ನಾನು ಗಿರಾಕಿಯಾಗಿ ಎದುರು ನಿಲ್ಲುತ್ತಿದ್ದೆ. ಅವಳು ಕೇಳುವಳು. ನಾನು ಬೇಡ ಎನ್ನುವೆ. ಅವಳ ಬಾಯಿ ಎರಡನೇ ಸಲ ತೆರೆಯುವಷ್ಟರಲ್ಲಿ ನಾನು ಚಮಚದಿಂದ ಕೌಂಟರಿಗೆ ಕುಟ್ಟುವೆ. ಮೊದಮೊದಲು ದಿನವಿಡೀ ಕುಟ್ಟುವುದೇ ಆಯಿತು. ಬಾಯಿ ಮುಚ್ಚಿದರೆ ಕೈ ಕೇಳುತ್ತಿರಲಿಲ್ಲ, ಪೊಟ್ಟಣದ ಕಡೆ ಹೋಗುತ್ತಿತ್ತು. ಕೈಯನ್ನು ಹಿಂದೆ ಕಟ್ಟಿಸಿದರೆ ಕಣ್ಣಲ್ಲೇ ಕೇಳುವಳು. ಕಣ್ಣಿನಲ್ಲಿ ಅವಳು ಕೇಳಿದರೆ ಬಾಯಲ್ಲಿ ಕೇಳಿದ್ದಕ್ಕಿಂತ ಹೆಚ್ಚು, ನನಗೇ ಹಸಿವಾಗುತ್ತಿತ್ತು. ಕೊನೆಗೆ ಒಂದು ಉಪಾಯ ಮಾಡಿದೆ. ಬೇಡ ಎಂಬ ಶಬ್ದ ಕಿವಿಗೆ ಬಿದ್ದ ಕೂಡಲೇ ಗಿರಾಕಿಯ ಮುಖ ನೋಡದೆ, ಅವನ ತಲೆಯ ಮೇಲಿಂದ ಬಾಗಿಲ ಕಡೆ ನೋಡಿ, ಥ್ಯಾಂಕ್ಯೂ ನೆಕ್ಸ್ಟ್ ಎಂದು ಒಂದೇ ಉಸಿರಿನಲ್ಲಿ ಹೇಳಬೇಕು.

ಅವಳು ಹಟದಿಂದ ಕಲಿತಳು. ಮನೆಯಲ್ಲೂ ಅಭ್ಯಾಸ ಮಾಡಿದಳು. ಅದೇ ಎಡವಟ್ಟಾಯಿತು. ಒಂದು ರಾತ್ರಿ ಊಟಕ್ಕೆ ಕೂತ ಅತ್ತಿಗೆಗೆ ಇನ್ನೊಂದು ಸೌಟು ಸಾರು ಹಾಕಲಾ ಎಂದು ಕೇಳಿದಳಂತೆ. ಅತ್ತಿಗೆ ಬೇಡ ಎಂದಳು. ಇವಳು ಬಾಗಿಲ ಕಡೆ ನೋಡಿ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಬರೀ ಒಣ ಅನ್ನದ ಮುಂದೆ ಕೂತ ಅತ್ತಿಗೆ ಅದನ್ನು ಜನ್ಮದ ಅವಮಾನವೆಂದು ತಿಳಿದು, ಸಂಬಳದ ಗರ್ವ ನೋಡಿ ಎಂದು ಮರುದಿನ ಬಾವಿಕಟ್ಟೆಯಲ್ಲಿ ಸಾರಿದಳು. ಎರಡು ವಾರ ಮಾತಿಲ್ಲ. ಅಣ್ಣ ನಡುವೆ ಬಂದು, ತಂಗಿ, ಫೇಲಾದರೆ ನೀನು ಎಲ್ಲಿಗೆ ಬರಬೇಕು ಎಂಬುದು ನೆನಪಿರಲಿ ಎಂದನಂತೆ. ಇದನ್ನೆಲ್ಲ ಅವಳು ನಗುತ್ತಲೇ ಹೇಳಿದಳು, ನಾನೂ ಹೊಟ್ಟೆ ಹಿಡಿದು ನಕ್ಕೆ. ಅಣ್ಣನ ಮಾತಿಗೆ ಬಂದಾಗ ಮಾತ್ರ ಅವಳು ನಗುತ್ತಿರಲಿಲ್ಲ. ಅದನ್ನು ನಾನು ನಕ್ಕು ಮುಗಿಸಿದ ಮೇಲೆ ಗಮನಿಸಿದೆ.

ಪರೀಕ್ಷೆಯ ದಿನ ನಾನು ಮೊದಲ ಬಸ್ಸಿಗೆ ಹೊರಟೆ. ಆಯಿ ಬರೀ ಚಾ ಕುಡಿದು ಕೂತಿದ್ದಳು. ಅವಳೂ ಆ ದಿನ ಹೊನ್ನಾವರದ ಕಣ್ಣಿನ ಡಾಕ್ಟರ ಹತ್ತಿರ ಬರುವವಳಿದ್ದಳು. ಅಂಗಡಿಗೆ ಇವತ್ತು ಬರಬೇಡ, ಇನ್ನೊಂದು ದಿನ ನಾನೇ ಕರೆದುಕೊಂಡು ಹೋಗುತ್ತೇನೆ ಎಂದಿದ್ದೆ. ಬರಬೇಡ ಎಂದು ನಾನೂ ಒಂದೇ ಸಲ ಹೇಳಿದೆ.

ಮಧ್ಯಾಹ್ನ ಹನ್ನೆರಡೂವರೆಗೆ, ಗಿರಾಕಿಗಳ ನೂಕುನುಗ್ಗಲಿನ ಹೊತ್ತಿಗೆ, ಯಜಮಾನರು ಮೂಲೆಯ ಮೇಜಿನಲ್ಲಿ ಫಾರ್ಮು ಹರಡಿಕೊಂಡು ಕೂತರು. ನಾನು ಅಡುಗೆಕೋಣೆಯ ಬಾಗಿಲಲ್ಲಿ ನಿಲ್ಲಬೇಕು, ಮಾತಾಡಬಾರದು, ಸನ್ನೆ ಮಾಡಬಾರದು, ಕೆಮ್ಮಲೂಬಾರದು ಎಂದು ಮೊದಲೇ ಹೇಳಿದ್ದರು. ಒಳಗೆ ದೋಸೆಯವರು ಜಾಲರಿ ಎತ್ತಿ ಹಿಡಿದುಕೊಂಡು ಟೈಮರಿಗೆ ಕಾಯುತ್ತಿದ್ದರು. ಕೌಂಟರಿನಲ್ಲಿ ಮಂಕಿಯಕ್ಕ ಮಂತ್ರ ಹೇಳಿದ ಹಾಗೆ ಏಳೂ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು. ಒಬ್ಬ ವಕೀಲರು ಚಿಪ್ಸ್ ಬೇಡ ಎಂದು, ಮಾಮೂಲಿನಂತೆ ಎರಡನೇ ಸಲ ಕೇಳಿಯಾಳೆಂದು ನಗುತ್ತ ನಿಂತರು. ಥ್ಯಾಂಕ್ಯೂ ನೆಕ್ಸ್ಟ್ ಎಂಬುದು ಅವರ ತಲೆಯ ಮೇಲಿಂದ ಹೋಯಿತು. ವಕೀಲರು ಹಿಂದೆ ತಿರುಗಿ ಯಾರಿಗೆ ಹೇಳಿದ್ದು ಎಂದು ನೋಡಿದರು. ನನಗೆ ಹೆಮ್ಮೆಯಾಯಿತು.

ವಕೀಲರ ಹಿಂದೆ ಇಬ್ಬರು ಕಾಲೇಜಿನವರು, ಅವರ ಹಿಂದೆ ನನ್ನ ಆಯಿ ನಿಂತಿದ್ದಳು. ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ನನ್ನನ್ನು ನೋಡಿದಳು, ನೋಡಿ ಗುರುತೇ ಇಲ್ಲದವಳ ಹಾಗೆ ಮುಖ ಆಚೆ ತಿರುಗಿಸಿದಳು. ಮಗಳ ಕೆಲಸಕ್ಕೆ ಅಡ್ಡಿಯಾಗಬಾರದು, ಆದರೆ ಮಗಳು ಕಲಿಸಿದ್ದು ಏನೆಂದು ನೋಡಬೇಕು. ಬೆಳಿಗ್ಗೆಯಿಂದ ಡಾಕ್ಟರ ಬಾಗಿಲಲ್ಲಿ ಕೂತು ಏನೂ ತಿಂದಿಲ್ಲ ಎಂಬುದು ಅವಳು ನಿಂತ ರೀತಿಯಲ್ಲೇ ನನಗೆ ಗೊತ್ತಾಯಿತು. ಹಸಿವಾದಾಗ ಅವಳು ಸೊಂಟಕ್ಕೆ ಕೈ ಕೊಡುತ್ತಾಳೆ.

ಅವಳ ಸರದಿ ಬಂತು. ಮಂಕಿಯಕ್ಕ ಹಲ್ಲು ಕಾಣುವಂತೆ ನಕ್ಕು, ಎಂತ ಬೇಕು ಎಂದು ಕೇಳಿದಳು. ಆಯಿ ಮೇಲಿನ ಬೋರ್ಡನ್ನು ಓದುವಂತೆ ಮಾಡಿ, ಒಂದು ಚಾ ಎಂದಳು. ಕಣ್ಣಿಗೆ ಡಾಕ್ಟರು ಹಾಕಿದ ಔಷಧಿಯಲ್ಲಿ ಬೋರ್ಡು ಕಂಡಿರಲಿಕ್ಕಿಲ್ಲ.

“ಚಾ ಸಂಗ್ತಿಗೆ ಒಂದ್ ಬಿಸಿ ಬರ್ಗರ್ ಕೊಡ್ಲಾ?”

“ಬ್ಯಾಡ, ಬ್ಯಾಡ.”

ಆ ಬೇಡ ನನಗೆ ಹುಟ್ಟಿದಾಗಿನಿಂದ ಗೊತ್ತು. ನೆಂಟರ ಮನೆಯ ಜಗಲಿಯಲ್ಲಿ ಕೂತು ಅವಳು ಹೇಳುವ ಬೇಡ ಅದು. ಇನ್ನೊಂದು ಸಲ ಹೇಳಿ, ನೋಡುವ ಎಂದು ಅದರ ಅರ್ಥ. ಮಂಕಿಯಕ್ಕನಿಗೂ ಗೊತ್ತಾಯಿತು. ನೂರು ಎಲೆಯ ಪಂಕ್ತಿ ನೋಡಿದವಳಿಗೆ ಗೊತ್ತಾಗದೆ ಇರುತ್ತದೆಯೇ. ಅವಳ ಕಣ್ಣು ಬಾಗಿಲ ಕಡೆ ಹೋಗಲಿಲ್ಲ, ನನ್ನ ಕಡೆ ಬಂತು. ಆಚೆ ಮೂಲೆಯಲ್ಲಿ ಯಜಮಾನರ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ನಾನು ತಲೆ ಎತ್ತಿ ಟ್ಯೂಬ್‌ಲೈಟು ನೋಡಿದೆ.

“ಥ್ಯಾಂಕ್ಯೂ. ನೆಕ್ಸ್ಟ್” ಎಂದಳು ಮಂಕಿಯಕ್ಕ.

ಆಯಿ ಇನ್ನೂ ಸ್ವಲ್ಪ ಹೊತ್ತು ನಿಂತಳು. ಹಿಂದಿದ್ದ ಬಸ್ಸಿನ ಕಂಡಕ್ಟರೊಬ್ಬ, ಅಮ್ಮಾ ಸ್ವಲ್ಪ ಸರೀರಿ ಎಂದ ಮೇಲೆ ಕಾಗದದ ಲೋಟ ಹಿಡಿದುಕೊಂಡು ಹೊರಗೆ ಹೋದಳು. ನನಗೆ ಅಳು ಬಂತು ಎಂದರೆ ಯಾರೂ ನಂಬಲಿಕ್ಕಿಲ್ಲ, ಒಂದು ಬರ್ಗರಿಗೆ. ಆದರೆ ಬಂತು.

ಒಂದೂವರೆಗೆ ಯಜಮಾನರು ಎದ್ದು ಬಂದು ಎಲ್ಲರೂ ಪಾಸು ಎಂದರು. ಮಂಕಿಯಕ್ಕನಿಗೆ ಎಲ್ಲರಿಗಿಂತ ಹೆಚ್ಚು ಅಂಕ. ಗಲ್ಫಿನ ಅಂಗಡಿಯವರು ಬಂದು ನೋಡಿದ್ದರೂ ಇಷ್ಟೇ ಹೇಳುತ್ತಿದ್ದರು ಎಂದರು. ನಾನು ಉದ್ದ ಮಾಡಿದ ಸಹಿಯನ್ನು ಹಾಕಿದೆ. ಮಂಕಿಯಕ್ಕ ನಗಲಿಲ್ಲ. ಇನ್ನು ಊಟಕ್ಕೆ ಹೋಗಬಹುದಾ ಎಂದು ಕೇಳಿ, ಟೋಪಿ ತೆಗೆದಿಟ್ಟು, ಮನೆಯಿಂದ ತಂದ ಬುತ್ತಿ ಡಬ್ಬಿ ಹಿಡಿದು ಹೊರಗೆ ನಡೆದಳು. ನಾನು ಹಿಂದೆಯೇ ಹೋದೆ.

ಅಂಗಡಿಯ ಎದುರಿನ ಬಾದಾಮಿ ಮರದ ಕೆಳಗೆ ಸಿಮೆಂಟಿನ ಬೆಂಚಿನಲ್ಲಿ ಆಯಿ ನನಗಾಗಿ ಕಾಯುತ್ತ ಕೂತಿದ್ದಳು. ಮಂಕಿಯಕ್ಕ ಸೀದಾ ಹೋಗಿ ಅವಳ ಪಕ್ಕ ಕೂತಳು. ಯಾರು, ಎಂತ ಎಂದು ಕೇಳಲಿಲ್ಲ. ಡಬ್ಬಿ ಬಿಚ್ಚಿ, ಅನ್ನ ಮತ್ತು ಒಣ ಸಿಗಡಿಯ ಶೆಟ್ಲಿ ಚಟ್ನಿಯನ್ನು ಮುಚ್ಚಳಕ್ಕೆ ಹಾಕಿ, ಒಂದು ತುತ್ತು ಉಣ್ಣಿ ಎಂದಳು. ಆಯಿ ಬೇಡ ಎಂದಳು. ತನಗೆ ಒಬ್ಬಳಿಗೆ ಹೆಚ್ಚಾಗುತ್ತದೆ ಎಂದಳು ಮಂಕಿಯಕ್ಕ. ಆಯಿ ಈಗಷ್ಟೇ ಚಾ ಆಯಿತು ಎಂದಳು. ಚಾ ಎಲ್ಲಿ, ಅನ್ನ ಎಲ್ಲಿ ಎಂದು ಮಂಕಿಯಕ್ಕ ಮುಚ್ಚಳವನ್ನು ಅವಳ ತೊಡೆಯ ಮೇಲೆಯೇ ಇಟ್ಟಳು. ಹಾಗಾದ್ರೆ ಒಂದ್ ಚೂರು ಎಂದು ಆಯಿ ಕೈ ಹಾಕಿದಳು. ಆ ಒಂದು ಚೂರಿಗೆ ಮುಚ್ಚಳ ಖಾಲಿಯಾಯಿತು.

ನಾನು ಹತ್ತಿರ ಹೋದಾಗ ಆಯಿ ತುಂಬಿದ ಬಾಯಲ್ಲೇ ಹೇಳಿದಳು. “ಚೊಲೋ ಅದೆ ಮಗಾ ನಿನ್ ಅಂಗ್ಡಿ. ಒಂದೇ ಸಲ ಕೇಳ್ತ್ರು, ಅಷ್ಟೇ.”

ಮಂಕಿಯಕ್ಕ ಅವಳ ಮುಖ, ನನ್ನ ಮುಖ ಎರಡನ್ನೂ ನೋಡಿದಳು. ಮೂಗು ಒಂದೇ ಥರ ಇರುವುದು ಆಗ ಕಂಡಿರಬೇಕು. ನಾನು ಏನೋ ಹೇಳಲಿಕ್ಕೆ ಹೋದೆ, ನನ್ನದೇ ತಪ್ಪು, ನಾನು ಸನ್ನೆ ಮಾಡಬಹುದಿತ್ತು ಎಂದೆಲ್ಲ. ಅವಳು ತಲೆ ಅಲ್ಲಾಡಿಸಿದಳು.

“ನಿಮ್ಮ ಆಯಿ ಅಂತ ಮೊದ್ಲೇ ಗೊತ್ತಿದ್ರೂ ನಾ ಒಂದೇ ಸಲ ಕೇಳ್ತಿದ್ದೆ, ಅಕ್ಕೋರೆ. ನಂಗೆ ಆ ಖೋಲಿ ಬೇಕಿತ್ತು.”

ಅದರಲ್ಲಿ ಸಿಟ್ಟಿರಲಿಲ್ಲ. ಅವಳು ಡಬ್ಬಿಯಲ್ಲಿ ಉಳಿದಿದ್ದ ಅನ್ನಕ್ಕೆ ಚಟ್ನಿ ಸರಿಸಿ, ಡಬ್ಬಿಯನ್ನು ನನ್ನ ಕಡೆ ಹಿಡಿದು, ನೀವೂ ಒಂದು ತುತ್ತು ಉಣ್ಣಿ ಎಂದಳು. ಪರೀಕ್ಷೆಯ ಗಡಿಬಿಡಿಯಲ್ಲಿ ನಾನೂ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಶೆಟ್ಲಿಯ ವಾಸನೆಗೆ ಬಾಯಲ್ಲಿ ನೀರು ಬರುತ್ತಿತ್ತು. ಆದರೂ ಹುಟ್ಟಿದಾಗಿನಿಂದ ರೂಢಿಯಾದದ್ದು ತಾನಾಗಿ ಹೊರಗೆ ಬಂತು. ಬೇಡ ಎಂದೆ.

ಮಂಕಿಯಕ್ಕ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಥ್ಯಾಂಕ್ಯೂ ಎಂದು ಹೇಳಿ, ಡಬ್ಬಿಗೆ ಮುಚ್ಚಳ ಹಾಕಿ, ಎದ್ದು ಕೌಂಟರಿಗೆ ಹೋದಳು.